ಮುಖ ನೋಡಿದ್ರೆ ನೋವು ಗೊತ್ತಾಗತ್ತಾ?

ನಮ್ಮೂರ ಲೈಬ್ರರಿ ಹಾಲ್‌ನಲ್ಲಿ ಮೊನ್ನೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ತುಂಬಾ ಜನ ಕೇಳಿದ್ರು. ರೆಕಾರ್ಡಿಂಗ್ ಹಾಕ್ಕೊಂಡು ಮಾತಾಡಿದ ಹಾಗೇ ಬರೆದಿದ್ದೀನಿ, ಟೈಮ್ ಸಾಲದೆ ಆವತ್ತು ಬಿಟ್ಟಿದ್ದ ಕೆಲವು ವಿಷಯ ಅಲ್ಲಲ್ಲಿ ಸೇರಿಸಿದ್ದೀನಿ.

ಎಲ್ಲರಿಗೂ ನಮಸ್ಕಾರ. ನಾನು ದನದ ಡಾಕ್ಟ್ರು, ಇಲ್ಲಿರೋ ಅರ್ಧ ಜನರ ಕೊಟ್ಟಿಗೆ ನನಗೆ ಗೊತ್ತು. ನನ್ನ ಹತ್ರ ಬರೋ ಯಾವ ಪೇಶೆಂಟೂ ಬಾಯಿಬಿಟ್ಟು ಇಲ್ಲಿ ನೋವು, ನಿನ್ನೆ ರಾತ್ರಿಯಿಂದ ಶುರುವಾಯ್ತು ಅಂತ ಹೇಳಲ್ಲ, ಹಾಗಾಗಿ ಮುಖ ನೋಡೋದು ನನ್ನ ಕೆಲಸದ ಒಂದು ಭಾಗ. ಮುಖದಲ್ಲಿ ಮನಸ್ಸು ಎಷ್ಟರ ಮಟ್ಟಿಗೆ ಕಾಣತ್ತೆ, ಎಲ್ಲಿ ಕಾಣಲ್ಲ, ಎಲ್ಲಿ ನಾವೇ ಇಲ್ಲದ್ದನ್ನ ಓದ್ತೀವಿ, ಇಷ್ಟನ್ನ ಇವತ್ತು ಮಾತಾಡ್ತೀನಿ.

ಮೊದಲು ಮಂಗನ ವಿಷಯಕ್ಕೆ ಬರೋಣ. ಚಾಮುಂಡಿ ಬೆಟ್ಟ, ನಂದಿ ಬೆಟ್ಟ, ಜೋಗ, ಎಲ್ಲಿ ಹೋದ್ರೂ ಈ ಸೀನ್ ಇದ್ದೇ ಇರತ್ತೆ. ಯಾರೋ ಮೊಬೈಲ್ ಹಿಡ್ಕೊಂಡು ಮಂಗದ ಹತ್ರ ಹತ್ರ ಹೋಗ್ತಾರೆ, ಅದು ತುಟಿ ಹಿಂದಕ್ಕೆ ಎಳ್ಕೊಂಡು ಹಲ್ಲು ತೋರಿಸತ್ತೆ, "ನೋಡೋ ನಗ್ತಿದೆ, ನಗ್ತಿದೆ" ಅಂತ ಇವರು ಇನ್ನೂ ಹತ್ರ ಹೋಗ್ತಾರೆ. ಅದು ನಗು ಅಲ್ಲ. ನಮ್ಮ ಕಡೆ ಇರೋ ಮಂಗಗಳಲ್ಲಿ ಸದ್ದಿಲ್ಲದೆ ಹಾಗೆ ಹಲ್ಲು ಕಿರಿಯೋದು ಹೆದರಿಕೆಯ ಗುರುತು, ನಿನ್ನ ಜೊತೆ ಜಗಳ ಬೇಡ, ನನ್ನನ್ನ ಬಿಟ್ಟುಬಿಡು ಅನ್ನೋ ಮುಖ. ಗುಂಪಲ್ಲಿ ದೊಡ್ಡ ಗಂಡು ಹತ್ರ ಬಂದಾಗ ಚಿಕ್ಕದು ಇದೇ ಮುಖ ಮಾಡತ್ತೆ. ಬಿಟ್ಟುಬಿಡು ಅಂತ ಕೇಳ್ಕೊಂಡ್ರೂ ನಾವು ಬಿಡದೇ ಇದ್ದಾಗ ಕೊನೆಗೆ ಕಚ್ಚತ್ತೆ, ಆಮೇಲೆ ಮಂಗಕ್ಕೆ ತಲೆ ಕೆಟ್ಟಿದೆ ಅಂತ ಕಂಪ್ಲೇಂಟ್ ಕೊಡ್ತೀವಿ.

ಇದೇ ತಪ್ಪು ದೊಡ್ಡ ಮಟ್ಟದಲ್ಲೂ ಆಗಿದೆ. 1961ರ ಜನವರಿ 31ಕ್ಕೆ ಅಮೆರಿಕದವರು ಹ್ಯಾಮ್ ಅನ್ನೋ ಪುಟ್ಟ ಚಿಂಪಾಂಜಿನ ರಾಕೆಟ್‌ನಲ್ಲಿ ಕಟ್ಟಿ ಮೇಲೆ ಕಳಿಸಿದ್ರು, 16 ನಿಮಿಷ ಚಿಲ್ಲರೆ ಪ್ರಯಾಣ, ಸಮುದ್ರಕ್ಕೆ ಬಂದು ಬಿತ್ತು. ಆಗಿನ ಫೋಟೋಗಳಲ್ಲಿ ಅದರ ಹಲ್ಲೆಲ್ಲಾ ಕಾಣತ್ತೆ, ಜನ ಅದನ್ನ ಖುಷಿಯ ನಗು ಅಂದ್ಕೊಂಡ್ರು. ಚಿಂಪಾಂಜಿಗಳ ಜೊತೆ ಕಾಡಲ್ಲಿ ವರ್ಷಗಟ್ಟಲೆ ಕಳೆದ ಜೇನ್ ಗುಡಾಲ್ ಆ ಮುಖ ನೋಡಿ ಇದು ವಿಪರೀತ ಭಯದ ಮುಖ ಅಂದ್ರು. ಚಿಂಪಾಂಜಿ ನಿಜವಾಗಿ ಆಟಕ್ಕೆ ನಗುವಾಗ ಬಾಯಿ ಸಡಿಲವಾಗಿ ತೆರೆದಿರತ್ತೆ, ಮೇಲಿನ ಹಲ್ಲು ಸಾಮಾನ್ಯವಾಗಿ ತುಟಿ ಕೆಳಗೇ ಇರತ್ತೆ, ಹಾಹ್ ಹಾಹ್ ಅಂತ ಉಸಿರಿನ ಸದ್ದು ಬರತ್ತೆ. ಕಚಗುಳಿ ಇಟ್ರೆ ನಮ್ಮ ಮಕ್ಕಳ ಹಾಗೇ. ಯಾನ್ ವಾನ್ ಹೂಫ್ ಅನ್ನೋ ಡಚ್ ವಿಜ್ಞಾನಿ 1972ರಲ್ಲೇ ಒಂದು ವಿಚಾರ ಮುಂದಿಟ್ರು, ನಮ್ಮ ಮುಗುಳುನಗೆ ಬಂದಿದ್ದು ಆ ಹಲ್ಲು ಕಿರಿಯೋ ಮುಖದಿಂದ, ನಮ್ಮ ಗಟ್ಟಿ ನಗು ಬಂದಿದ್ದು ಈ ಆಟದ ಮುಖದಿಂದ, ಎರಡರ ಬೇರು ಬೇರೆ ಬೇರೆ ಅಂತ. ನನಗೆ ಇದು ತುಂಬಾ ಹಿಡಿಸೋ ವಿಚಾರ, ಯಾಕಂದ್ರೆ ದೊಡ್ಡ ಸಾಹೇಬ್ರ ಮುಂದೆ ನಿಂತಾಗ ನಮ್ಮ ಮುಖದ ಮೇಲೆ ತಾನಾಗೇ ಬರೋ ನಗು ಇದೆಯಲ್ಲ, ಅದು ಖುಷಿಗೆ ಬರೋದಲ್ಲ ಅಂತ ಎಲ್ಲರಿಗೂ ಗೊತ್ತು.

ಸರಿ, ಈ ಮುಖ ಆಡೋದು ಹೇಗೆ? ಕೈಕಾಲಿನ ಸ್ನಾಯುಗಳು ಮೂಳೆಯಿಂದ ಮೂಳೆಗೆ ಕಟ್ಟಿರತ್ತೆ. ಮುಖದ ಸ್ನಾಯುಗಳಲ್ಲಿ ಹೆಚ್ಚಿನವು ಒಂದು ತುದಿಲಿ ಮೂಳೆಗೆ, ಇನ್ನೊಂದು ತುದಿಲಿ ಚರ್ಮಕ್ಕೇ ಅಂಟಿಕೊಂಡಿರತ್ತೆ, ಅದಕ್ಕೇ ಚರ್ಮ ಸುಕ್ಕಾಗತ್ತೆ, ಎಳೆಯತ್ತೆ, ಉಬ್ಬತ್ತೆ. ಮೀನಿಗೆ, ಗೋಡೆ ಮೇಲೆ ಹರಿದಾಡೋ ಹಲ್ಲಿಗೆ ಈ ಸೌಕರ್ಯ ಇಲ್ಲ. ಹಾಲು ಕುಡಿಸಿ ಮರಿ ಸಾಕೋ ಪ್ರಾಣಿಗಳಿಗೇ ಇದು ಇರೋದು. ಇವನ್ನೆಲ್ಲಾ ಆಡಿಸೋದು ಮೆದುಳಿಂದ ಬರೋ 7ನೇ ನರ, ಎಡಕ್ಕೊಂದು ಬಲಕ್ಕೊಂದು. ಇದರಲ್ಲಿ ಒಂದು ವಿಚಿತ್ರ ಇದೆ. ಬೇಕಂತ ಮಾಡೋ ನಗುಗೆ ಮೆದುಳಲ್ಲಿ ಒಂದು ದಾರಿ, ತಾನಾಗಿ ಬರೋ ನಗುಗೆ ಇನ್ನೊಂದು ದಾರಿ. ಸ್ಟ್ರೋಕ್ ಆದ ಕೆಲವರಿಗೆ "ಹಲ್ಲು ತೋರಿಸಿ" ಅಂದ್ರೆ ಬಾಯಿ ಒಂದು ಕಡೆಗೆ ಮಾತ್ರ ಹೋಗತ್ತೆ, ಆದ್ರೆ ಮೊಮ್ಮಗು ಬಂದು ಏನೋ ತೊದಲಿದ್ರೆ ಎರಡೂ ಕಡೆ ಅರಳಿ ನಗ್ತಾರೆ. ಪಾರ್ಕಿನ್ಸನ್ಸ್ ಅನ್ನೋ ಕೈ ನಡುಗೋ ಕಾಯಿಲೆ ಇರೋರಲ್ಲಿ ಇದಕ್ಕೆ ಉಲ್ಟಾ, ಬೇಕಂದ್ರೆ ನಗಬಲ್ಲರು, ತಾನಾಗಿ ಬರಬೇಕಾದ ಭಾವ ಮಾತ್ರ ಮುಖಕ್ಕೆ ಬರಲ್ಲ. ಮನೆಯವರು "ಅಪ್ಪನಿಗೆ ನಮ್ಮ ಮೇಲೆ ಪ್ರೀತಿನೇ ಹೋಗಿಬಿಟ್ಟಿದೆ" ಅಂದ್ಕೋತಾರೆ, ಒಳಗೆ ಪ್ರೀತಿ ಎಲ್ಲೂ ಹೋಗಿರಲ್ಲ. ದಯವಿಟ್ಟು ಇದನ್ನ ನೆನಪಿಟ್ಕೊಳ್ಳಿ. ಇನ್ನೊಂದು ಮಾತು, ವಿಷಯ ಬಿಟ್ಟು ಹೇಳ್ತಿದ್ದೀನಿ, ಯಾರಿಗೇ ಇದ್ದಕ್ಕಿದ್ದ ಹಾಗೆ ಬಾಯಿ ಸೊಟ್ಟ ಆದ್ರೆ ಗಾಳಿ ಬಡಿದಿದೆ ಅಂತ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಹೊರಡಿ.

ಮುಖದ ಸ್ನಾಯುಗಳನ್ನ ಒಂದೊಂದಾಗಿ ಮುಟ್ಟಿ ನೋಡಿದವರಲ್ಲಿ ದೊಡ್ಡ ಹೆಸರು ಫ್ರಾನ್ಸಿನ ಡಾಕ್ಟ್ರು ಡುಶೆನ್. ಅವರಿಗೆ ಒಬ್ಬ ಮುದುಕರು ಸಿಕ್ಕಿದ್ರು, ಕಾಯಿಲೆಯಿಂದ ಆ ಮುದುಕರ ಮುಖಕ್ಕೆ ಸ್ಪರ್ಶಜ್ಞಾನವೇ ಹೋಗಿತ್ತು, ಹಾಗಾಗಿ ಸಣ್ಣದಾಗಿ ಕರೆಂಟ್ ಕೊಟ್ರೂ ನೋವಾಗ್ತಿರಲಿಲ್ಲ. ಕರೆಂಟ್ ಕೊಟ್ಟು ಒಂದೊಂದೇ ಸ್ನಾಯು ಆಡಿಸಿ ಫೋಟೋ ತೆಗೆದು 1862ರಲ್ಲಿ ಪ್ರಕಟ ಮಾಡಿದ್ರು. ಬಾಯಿ ತುದಿ ಮೇಲಕ್ಕೆ ಎಳೆಯೋ ಸ್ನಾಯು ನಮ್ಮ ಮಾತು ಕೇಳತ್ತೆ, ಕಣ್ಣಿನ ಸುತ್ತ ಇರೋ ಸ್ನಾಯು ನಿಜವಾದ ಸಂತೋಷಕ್ಕೆ ಮಾತ್ರ ಕೇಳತ್ತೆ ಅಂದ್ರು. ಕಣ್ಣಂಚಲ್ಲಿ ಸುಕ್ಕು ಬಿದ್ರೆ ನಿಜವಾದ ನಗು ಅನ್ನೋ ಮಾತು ಬಂದಿದ್ದು ಅಲ್ಲಿಂದ. ಅದನ್ನೂ ಬೇಕಂತಲೇ ಮಾಡಬಲ್ಲ ಜನ ಸುಮಾರು ಇದ್ದಾರೆ ಅಂತ ಆಮೇಲೆ ಗೊತ್ತಾಯ್ತು, ಹಾಗಾಗಿ ಇದನ್ನ ಇಟ್ಕೊಂಡು ಯಾರ ನಗು ಸುಳ್ಳು ಅಂತ ತೀರ್ಪು ಕೊಡೋಕೆ ಹೋಗಬೇಡಿ.

ಡಾರ್ವಿನ್ ಆ ಫೋಟೋಗಳನ್ನ ನೋಡಿದ್ರು. 1872ರಲ್ಲಿ ಬಂದ ಅವರ ಪುಸ್ತಕ ಪೂರ್ತಿ ಈ ವಿಷಯದ ಮೇಲೇನೇ, ಮನುಷ್ಯ ಮತ್ತು ಪ್ರಾಣಿ ಎರಡೂ ಸೇರಿಸಿ. ಅದಕ್ಕಿಂತ ಮೊದಲು 16 ಪ್ರಶ್ನೆಗಳ ಒಂದು ಪಟ್ಟಿ ಮಾಡಿ ಪ್ರಪಂಚದ ಮೂಲೆ ಮೂಲೆಗೆ ಕಳಿಸಿದ್ರು, ನಿಮ್ಮ ಕಡೆ ಜನ ಆಶ್ಚರ್ಯ ಆದಾಗ ಕಣ್ಣು ಬಾಯಿ ಅರಳಿಸ್ತಾರಾ, ನಾಚಿಕೆ ಆದಾಗ ಮುಖ ಕೆಂಪಾಗತ್ತಾ, ಹೀಗೆ. ನಮ್ಮ ದೇಶದಿಂದಲೂ ಉತ್ತರ ಹೋಗಿದೆ, ಕಲ್ಕತ್ತಾದ ಬೊಟಾನಿಕಲ್ ಗಾರ್ಡನ್‌ನಲ್ಲಿದ್ದ ಸ್ಕಾಟ್ ಅನ್ನೋರು ಅಲ್ಲಿ ಕೆಲಸ ಮಾಡ್ತಿದ್ದ ಆಳುಗಳ ಮುಖ ಗಮನಿಸಿ ಬರೆದು ಕಳಿಸ್ತಿದ್ರು. ಆ ಕಾಲದಲ್ಲಿ ಮುಖದ ಸ್ನಾಯುಗಳನ್ನ ದೇವರು ಮನುಷ್ಯನಿಗೆ ಅಂತಲೇ ಕೊಟ್ಟಿದ್ದು ಅಂತ ಚಾರ್ಲ್ಸ್ ಬೆಲ್ ಅಂಥ ದೊಡ್ಡ ವೈದ್ಯರೇ ಬರೆದಿದ್ರು. ಡಾರ್ವಿನ್ ಹಾಗಲ್ಲ ಅಂದ್ರು, ನಾಯಿದು ಬೆಕ್ಕಿನದು ಮಂಗಂದು ನಮ್ಮದು ಎಲ್ಲಾ ಒಂದೇ ಬಳ್ಳಿಯ ಕಾಯಿ ಅಂದ್ರು. ಲಂಡನ್ ಝೂನಲ್ಲಿ ವಿಷದ ಹಾವಿನ ಗಾಜಿನ ಪೆಟ್ಟಿಗೆಗೆ ಮುಖ ಒತ್ತಿ ನಿಂತು, ಹಾವು ಹೊಡೆದ್ರೂ ನಾನು ಅಲ್ಲಾಡಲ್ಲ ಅಂತ ಗಟ್ಟಿ ಮನಸ್ಸು ಮಾಡಿದ್ರಂತೆ. ಹಾವು ಹೊಡೀತು, ಇವರು ಎರಡು ಹೆಜ್ಜೆ ಹಿಂದಕ್ಕೆ ಹಾರಿದ್ರು. ಮಧ್ಯ ದಪ್ಪ ಗಾಜಿದೆ ಅಂತ ಬುದ್ಧಿಗೆ ಗೊತ್ತು, ಮೈಗೆ ಗೊತ್ತಾಗಲ್ಲ.

ಭಯಕ್ಕೆ ಕಣ್ಣು ಅಗಲ ಆಗೋದು, ಅಸಹ್ಯಕ್ಕೆ ಮೂಗು ಸಿಂಡರಿಸೋದು, ಇದು ಬೇರೆಯವರಿಗೆ ತೋರಿಸೋಕೆ ಮಾತ್ರ ಹುಟ್ಟಿದ್ದಲ್ಲ. ಟೊರಾಂಟೊ ಯೂನಿವರ್ಸಿಟಿಯವರು 2008ರಲ್ಲಿ ಅಳತೆ ಮಾಡಿ ತೋರಿಸಿದ್ರು, ಭಯದ ಮುಖ ಮಾಡಿದಾಗ ಪಕ್ಕದ್ದು ಹೆಚ್ಚು ಕಾಣತ್ತೆ, ಮೂಗಲ್ಲಿ ಗಾಳಿ ಹೆಚ್ಚು ಹೋಗತ್ತೆ, ಅಸಹ್ಯದ ಮುಖದಲ್ಲಿ ಎರಡೂ ಕಮ್ಮಿ. ಕೊಳೆತ ವಾಸನೆ ಒಳಗೆ ಬರದ ಹಾಗೆ ಬಾಗಿಲು ಹಾಕ್ಕೊಂಡ ಹಾಗೆ.

ಈಗ ಜಗಳದ ವಿಷಯ. ಪ್ರಪಂಚದ ಎಲ್ಲಾ ಜನರ ಮುಖ ಒಂದೇ ಭಾಷೆ ಮಾತಾಡತ್ತಾ? ಪಾಲ್ ಎಕ್ಮನ್ ಅನ್ನೋರು 1960ರ ದಶಕದ ಕೊನೆಗೆ ಪಪುವಾ ನ್ಯೂಗಿನಿಯ ಬೆಟ್ಟಗಳಲ್ಲಿ ಫೋರೆ ಜನರ ಹತ್ರ ಹೋದ್ರು, ಸಿನಿಮಾ ಮ್ಯಾಗಜೀನ್ ಏನೂ ನೋಡಿರದವರು. ಚಿಕ್ಕ ಕಥೆ ಹೇಳಿ, ಇವನ ಮಗು ತೀರ್ಕೊಂಡಿದೆ, ಇದರಲ್ಲಿ ಯಾವ ಮುಖ ಅವನದು ಅಂತ ಫೋಟೋ ಆರಿಸೋಕೆ ಹೇಳಿದ್ರು. ಬಹಳ ಸಲ ನಾವು ನೀವು ಆರಿಸೋ ಫೋಟೋನೇ ಆರಿಸಿದ್ರು. ಕೋಪ, ಅಸಹ್ಯ, ಭಯ, ಸಂತೋಷ, ದುಃಖ, ಆಶ್ಚರ್ಯ, ಈ ಆರು ಎಲ್ಲರಿಗೂ ಒಂದೇ ಅನ್ನೋ ಮಾತು ಅಲ್ಲಿಂದ ಗಟ್ಟಿ ಆಯ್ತು. 1978ರಲ್ಲಿ ಅವರು ಮತ್ತು ಫ್ರೀಸನ್ ಸೇರಿ ಮುಖದ ಒಂದೊಂದು ಚಲನೆಗೂ ನಂಬರ್ ಕೊಟ್ರು, ಒಳಹುಬ್ಬು ಮೇಲೆ ಹೋದ್ರೆ 1, ಹುಬ್ಬು ಗಂಟಿಕ್ಕಿದ್ರೆ 4, ತುಟಿ ತುದಿ ಮೇಲೆ ಹೋದ್ರೆ 12. ಭಾವದ ಹೆಸರು ಇಲ್ಲ, ಬರೀ ಚಲನೆ. ನನ್ನ ಲೆಕ್ಕದಲ್ಲಿ ಅವರ ದೊಡ್ಡ ಕೆಲಸ ಇದೇ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಹುಟ್ಟಿನಿಂದ ಬಂದಿದ್ದು ಸ್ವಲ್ಪ ಇದೆ ಅನ್ನೋದಕ್ಕೆ ಒಳ್ಳೆ ಸಾಕ್ಷಿ 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್. ಕಣ್ಣು ಕಾಣದ ಜೂಡೋ ಆಟಗಾರರು ಗೆದ್ದಾಗ ಸೋತಾಗ ತೆಗೆದ ಫೋಟೋಗಳನ್ನ ಕಣ್ಣಿರೋ ಒಲಿಂಪಿಕ್ಸ್ ಆಟಗಾರರ ಫೋಟೋ ಜೊತೆ ಮಟ್ಸುಮೊಟೊ ಮತ್ತು ವಿಲ್ಲಿಂಗ್‌ಹ್ಯಾಮ್ ಹೋಲಿಸಿದ್ರು. ಹುಟ್ಟು ಕುರುಡರೂ ಅದೇ ಸ್ನಾಯು ಅದೇ ರೀತಿ ಆಡಿಸಿದ್ರು, ಬೆಳ್ಳಿ ಬಂದು ಚಿನ್ನ ತಪ್ಪಿದವರ ಬಲವಂತದ ನಗು ಸಮೇತ. ಯಾರ ಮುಖವನ್ನೂ ಒಮ್ಮೆಯೂ ನೋಡಿ ಕಲಿತವರಲ್ಲ ಅವರು.

ಆದ್ರೆ ಇನ್ನೊಂದು ಪಕ್ಕ ನೋಡಿ. ಅದೇ ಪಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಾಂಡ್ ದ್ವೀಪದ ಜನಕ್ಕೆ ಕಣ್ಣು ಅಗಲ ಮಾಡಿ ಬಾಯಿ ತೆರೆದ ಮುಖ ತೋರಿಸಿದ್ರೆ, ನಾವು ಭಯ ಅಂತೀವಿ, ಅವರಲ್ಲಿ ಹೆಚ್ಚಿನವರು ಇವನು ಹೆದರಿಸೋಕೆ ಬರ್ತಿದ್ದಾನೆ, ಕೋಪದಲ್ಲಿದ್ದಾನೆ ಅಂದ್ರು. ಕ್ರಿವೆಲ್ಲಿ ಅನ್ನೋರು 2016ರಲ್ಲಿ ಬರೆದಿದ್ದಾರೆ. ನಮ್ಮದೇ ಉದಾಹರಣೆ ಬೇಕಂದ್ರೆ ನಾಲಿಗೆ ಕಚ್ಚಿಕೊಳ್ಳೋದು. ಏನಾದ್ರೂ ಎಡವಟ್ಟಾದ್ರೆ ನಾವು ತಟ್ ಅಂತ ನಾಲಿಗೆ ಕಚ್ಕೋತೀವಿ, ಅಂಥ ಮುಖದ ಫೋಟೋ ತೋರಿಸಿ ಕೇಳಿದಾಗ ಒಡಿಶಾದವರು ನೋಡಿದ ಕೂಡ್ಲೇ ಲಜ್ಜೆ ಅಂದ್ರು, ಅಮೆರಿಕದವರಿಗೆ ತಲೆಬುಡ ಗೊತ್ತಾಗಲಿಲ್ಲ. ಹಾಗಂತ ನಮ್ಮದೆಲ್ಲಾ ಅವರಿಗೆ ಮುಚ್ಚಿದ ಬಾಗಿಲೂ ಅಲ್ಲ. ಅಹಲ್ಯಾ ಹೆಜ್ಮಾಡಿ ಅನ್ನೋರು ನಾಟ್ಯಶಾಸ್ತ್ರದಲ್ಲಿ ಹೇಳಿರೋ ಭಾವಗಳನ್ನ ಸ್ವತಃ ಅಭಿನಯಿಸಿ ವಿಡಿಯೋ ಮಾಡಿ ಭಾರತದ, ಅಮೆರಿಕದ ವಿದ್ಯಾರ್ಥಿಗಳಿಗೆ ತೋರಿಸಿದ್ರು, 2000ದಲ್ಲಿ ಪ್ರಕಟ ಆದ ಕೆಲಸ, ಎರಡೂ ಕಡೆಯವರು ಬಹುಪಾಲು ಸರಿಯಾಗೇ ಗುರುತಿಸಿದ್ರು. ಭರತನಾಟ್ಯ ಯಕ್ಷಗಾನ ನೋಡಿ ಬೆಳೆದ ನಮಗೆ ಒಂದು ವಿಷಯ ಗೊತ್ತಿದೆ, ಮುಖದ ಅಭಿನಯ ಕಲಿಸಬಹುದು, ಕಲಿಯಬಹುದು, ತಾಲೀಮಿಂದ ತಿದ್ದಬಹುದು. ಕಲಿತು ಮಾಡಬಹುದಾದ್ದನ್ನ ಬಚ್ಚಿಡೋದಕ್ಕೂ ಬರತ್ತೆ.

ಮತ್ತೆ ಮುಖ ಯಾರಿಗೋಸ್ಕರ ಅನ್ನೋ ಪ್ರಶ್ನೆ ಇದೆ. 1979ರಲ್ಲಿ ಕ್ರೌಟ್ ಮತ್ತು ಜಾನ್‌ಸ್ಟನ್ ಬೌಲಿಂಗ್ ಆಡೋ ಜಾಗದಲ್ಲಿ ಕೂತು ನೋಡಿದ್ರು, ಕ್ರಿಕೆಟ್ ಅಲ್ಲ, ಚೆಂಡು ಉರುಳಿಸಿ ದೂರದಲ್ಲಿ ನಿಲ್ಲಿಸಿದ ಪಿನ್ ಬೀಳಿಸೋ ಆಟ. ಚೆಂಡು ಹೋಗಿ ಒಳ್ಳೆ ಹೊಡೆತ ಬಿದ್ದಾಗ ಆಟಗಾರ ಆ ಕಡೆ ಮುಖ ಮಾಡಿದ್ದಾಗ ನಗೋದು ಬಹಳ ಕಮ್ಮಿ, ಹಿಂದಿರೋ ಫ್ರೆಂಡ್ಸ್ ಕಡೆ ತಿರುಗಿದ ಮೇಲೇ ನಗು. ಖುಷಿ ಆಗಿದ್ದು ಮೊದಲೇ, ಮುಖಕ್ಕೆ ಬಂದಿದ್ದು ನೋಡೋರು ಇದ್ದಾಗ. 2019ರಲ್ಲಿ ಲಿಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಜೊತೆಯ ನಾಲ್ಕು ಜನ ವಿಜ್ಞಾನಿಗಳು 1000ಕ್ಕೂ ಹೆಚ್ಚು ಅಧ್ಯಯನ ತಿರುವಿ ಹಾಕಿ ಹೇಳಿದ್ದೂ ಇದೇ ದಾರಿಲಿದೆ. ಕೋಪ ಬಂದಾಗ ಜನ ಮುಖ ಗಂಟಿಕ್ಕೋದು ಸರಾಸರಿ 100ಕ್ಕೆ ಸುಮಾರು 30 ಸಲ. ಉಳಿದ ಸಲ ಸುಮ್ಮನಿರ್ತಾರೆ, ಅಳ್ತಾರೆ, ನಕ್ಕೂ ಬಿಡ್ತಾರೆ. ಅದೂ ಅಲ್ದೆ ಗಂಟು ಮುಖ ಕಂಡಾಗೆಲ್ಲಾ ಅಲ್ಲಿ ಕೋಪ ಇರತ್ತೆ ಅಂತಲೂ ಇಲ್ಲ, ಲೆಕ್ಕ ಮಾಡ್ತಿರಬಹುದು, ಬಿಸಿಲಿರಬಹುದು, ಹೊಟ್ಟೆ ಸರಿಯಿಲ್ಲದೇ ಇರಬಹುದು.

ಹಾಗಾದ್ರೆ ಮುಖ ನೋಡೋದು ವೇಸ್ಟಾ? ಅಲ್ಲ. ನಾನು ಹೇಳೋಕೆ ಬಂದಿದ್ದೇ ಇಲ್ಲಿಂದ ಶುರು. ಮಾತು ಬರೋ ದೊಡ್ಡವರ ಮುಖ ನೋಡಿ ಮನಸ್ಸು ಓದೋ ಚಟ ಬಿಡೋಣ, ಅವರನ್ನ ಕೇಳಬಹುದು. ಮಾತು ಬರದವರ ಮುಖ ನೋಡೋದನ್ನ ಮಾತ್ರ ಸರಿಯಾಗಿ ಕಲಿಯೋಣ, ಅದೂ ಒಂದು ವಿಷಯಕ್ಕೆ, ನೋವಿಗೆ. ಯಾಕಂದ್ರೆ ಅಲ್ಲಿ ಪುರಾವೆ ಗಟ್ಟಿ ಇದೆ, ಮತ್ತೆ ನೋಡದೇ ಇದ್ರೆ ಆಗೋ ಅನ್ಯಾಯ ದೊಡ್ಡದು.

ಎಷ್ಟು ದೊಡ್ಡದು ಅಂದ್ರೆ ಕೇಳಿ, ಇದು ಮನುಷ್ಯರ ಮಕ್ಕಳ ಕಥೆ. 1980ರ ದಶಕದ ಮಧ್ಯದ ತನಕ ಎಷ್ಟೋ ಮುಂದುವರಿದ ದೇಶಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆ, ಅದರಲ್ಲೂ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ, ಎದೆ ಕೊಯ್ದು ಆಪರೇಷನ್ ಮಾಡುವಾಗಲೂ ಸರಿಯಾದ ನೋವಿನ ಔಷಧಿ ಕೊಡ್ತಿರಲಿಲ್ಲ. ನರ ಇನ್ನೂ ಬಲಿತಿಲ್ಲ, ನೋವು ಗೊತ್ತಾಗಲ್ಲ, ಔಷಧಿನೇ ಅಪಾಯ ಅನ್ನೋ ನಂಬಿಕೆ. ಎಷ್ಟೋ ಸಲ ಮೈ ಅಲ್ಲಾಡದ ಹಾಗೆ ಸ್ನಾಯು ಕಟ್ಟಿಹಾಕೋ ಔಷಧಿ ಕೊಡ್ತಿದ್ರು. ಅಂದ್ರೆ ಮುಖ ಸಿಂಡರಿಸೋ ಶಕ್ತಿನೂ ಕಿತ್ಕೊಂಡು, ಮುಖದಲ್ಲಿ ಏನೂ ಕಾಣ್ತಿಲ್ಲ ಅಂತ ಮುಂದುವರಿಯೋದು. ಭಾರತದಲ್ಲಿ ಡಾಕ್ಟರ್ ಓದಿ ಆಕ್ಸ್‌ಫರ್ಡ್‌ಗೆ ಹೋದ ಕನ್ವಲ್‌ಜೀತ್ ಆನಂದ್ ಇದನ್ನ ನೋಡಿ ಸುಮ್ಮನಿರಲಿಲ್ಲ. 1987ರಲ್ಲಿ ಅವರು ಜೊತೆಗಾರರ ಜೊತೆ ಪ್ರಕಟ ಮಾಡಿದ ಪರೀಕ್ಷೆಲಿ, ಹೃದಯದ ಹತ್ರದ ರಕ್ತನಾಳದ ಆಪರೇಷನ್‌ಗೆ ಹೋದ ಕೂಸುಗಳಲ್ಲಿ ಅರ್ಧಕ್ಕೆ ಫೆಂಟನಿಲ್ ಅನ್ನೋ ನೋವಿನ ಔಷಧಿ ಕೊಟ್ರು, ಉಳಿದವಕ್ಕೆ ಆಗಿನ ಪದ್ಧತಿ. ಔಷಧಿ ಸಿಕ್ಕ ಕೂಸುಗಳ ರಕ್ತದಲ್ಲಿ ಒತ್ತಡದ ಹಾರ್ಮೋನ್ ಏರಿದ್ದು ತುಂಬಾ ಕಮ್ಮಿ, ಆಮೇಲಿನ ತೊಂದರೆಗಳೂ ಕಮ್ಮಿ. ಅದೇ ವರ್ಷ ಕೆನಡಾದ ರೂತ್ ಗ್ರುನೌ ಮತ್ತು ಕೆನೆತ್ ಕ್ರೇಗ್, ರಕ್ತ ಪರೀಕ್ಷೆಗೆ ಹಿಮ್ಮಡಿ ಚುಚ್ಚುವಾಗ ಮಗುವಿನ ಮುಖದಲ್ಲಿ ಏನೇನು ಆಗತ್ತೆ ಅಂತ ಎಕ್ಮನ್ ನಂಬರ್ ಪದ್ಧತಿಯ ದಾರಿಲೇ ಇಂಚಿಂಚು ಬರೆದ್ರು. ಹುಬ್ಬು ಉಬ್ಬಿ ಕೆಳಗೆ ಬರತ್ತೆ, ಕಣ್ಣು ಬಿಗಿಯಾಗಿ ಮುಚ್ಚತ್ತೆ, ಮೂಗಿನ ಪಕ್ಕದ ಗೆರೆ ಆಳ ಆಗತ್ತೆ, ಬಾಯಿ ಚೌಕಾಕಾರ ಆಗಿ ತೆರೆಯತ್ತೆ, ನಾಲಿಗೆ ಬಿಗಿಯಾಗಿ ಬಟ್ಟಲಿನ ಥರ ಆಗತ್ತೆ. ಬರೀ ಹಿಮ್ಮಡಿ ಒರೆಸಿದ್ರೆ ಇಷ್ಟೆಲ್ಲಾ ಆಗಲ್ಲ. ಬಾಣಂತಿ ಕೋಣೆಲಿ ಕೂತ ಎಷ್ಟೋ ಅಜ್ಜಿಯರಿಗೆ ಇದು ಗೊತ್ತಿತ್ತು, ಆದ್ರೆ ಬರೆದು ಅಳೆದು ತೋರಿಸೋ ತನಕ ಪದ್ಧತಿ ಬದಲಾಗಲಿಲ್ಲ, ಅದು ನನಗೆ ಇವತ್ತಿಗೂ ಹೊಟ್ಟೆ ಉರಿಸತ್ತೆ.

ಆ ಕೆನೆತ್ ಕ್ರೇಗ್ ಹೆಸರು ನೆನಪಿಟ್ಕೊಳ್ಳಿ, ಯಾಕಂದ್ರೆ 2010ರಲ್ಲಿ ಮತ್ತೆ ಬರತ್ತೆ, ಈ ಸಲ ಇಲಿ ಜೊತೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ಯೂನಿವರ್ಸಿಟಿಯ ಜೆಫ್ರಿ ಮೊಗಿಲ್ ಮತ್ತವರ ಗುಂಪು, ಕ್ರೇಗ್ ಸೇರಿ, ಇಲಿ ಮುಖಕ್ಕೆ ನೋವಿನ ಅಳತೆಗೋಲು ಮಾಡಿದ್ರು. ಐದು ಜಾಗ ನೋಡಬೇಕು, ಕಣ್ಣು ಎಷ್ಟು ಬಿಗಿದಿದೆ, ಮೂಗಿನ ಮೇಲೆ ಉಬ್ಬು, ಕೆನ್ನೆ ಉಬ್ಬು, ಕಿವಿ ಯಾವ ಕಡೆ, ಮೀಸೆ ಹೇಗಿದೆ. ಒಂದೊಂದಕ್ಕೂ 0, 1, 2 ಮಾರ್ಕ್ಸ್, 0 ಅಂದ್ರೆ ಆ ಗುರುತು ಇಲ್ಲ, 2 ಅಂದ್ರೆ ಎದ್ದು ಕಾಣತ್ತೆ. ಪ್ರಯೋಗಾಲಯದ ಇಲಿ ಮುಖ ಯಾರಿಗೆ ಬೇಕು ಅನ್ಬೇಡಿ. ಈ ಅಳತೆ ಬಂದ ಮೇಲೆ ಅದೇ ಗುಂಪು 2012ರಲ್ಲಿ ತೋರಿಸಿದ್ದು, ಆಪರೇಷನ್ ಆದ ಇಲಿಗಳಿಗೆ ಪುಸ್ತಕದಲ್ಲಿ ಬರೆದಷ್ಟು ಡೋಸ್ ಕೊಟ್ರೆ ಕೆಲವು ನೋವಿನ ಔಷಧಿ ಸಾಲೋದೇ ಇಲ್ಲ, ಅದಕ್ಕಿಂತ ಹೆಚ್ಚು ಬೇಕು ಅಂತ. ಅಷ್ಟು ವರ್ಷ ಔಷಧಿ ಕೊಟ್ಟಿದ್ದೀವಿ ಅಂತ ಅಂದ್ಕೊಂಡಿದ್ದಾಗಲೂ ಅವು ನೋವು ತಿಂತಿದ್ವು. 2014ರಲ್ಲಿ ಇನ್ನೊಂದು ಗೊತ್ತಾಯ್ತು, ರೂಮಲ್ಲಿ ಗಂಡಸರು ಇದ್ರೆ, ಅಥವಾ ಗಂಡಸರು ಹಾಕಿದ್ದ ಟೀ ಶರ್ಟ್ ಇಟ್ರೂ ಸಾಕು, ಇಲಿ ಮುಖದಲ್ಲಿ ನೋವು ಕಮ್ಮಿ ಕಾಣತ್ತೆ. ವಾಸನೆಯ ಒತ್ತಡಕ್ಕೆ ನೋವೇ ಸ್ವಲ್ಪ ಹೊತ್ತು ಅಡಗತ್ತೆ. ನನಗೆ ಇದು ತುಂಬಾ ಮುಖ್ಯ, ಡಾಕ್ಟ್ರು ಬಂದ ತಕ್ಷಣ ಹಸು ಕಿವಿ ನಿಮಿರಿಸಿ ಚುರುಕಾಗಿ ನಿಲ್ಲತ್ತೆ, "ಅಯ್ಯೋ ಬೆಳಿಗ್ಗೆಯಿಂದ ಹೇಗಿತ್ತು ಗೊತ್ತಾ ಡಾಕ್ಟ್ರೇ, ಈಗ ನೋಡಿ ಹೆಂಗೆ ನಿಂತಿದೆ" ಅಂತ ಮನೆಯವರಿಗೆ ಮುಜುಗರ. ಮುಜುಗರ ಬೇಡ. ನೀವು ಬೆಳಿಗ್ಗೆ ಕಂಡಿದ್ದೇ ನಿಜ. ನಾನು ಬರೋ ಮೊದಲು ದೂರದಿಂದ ಒಂದು ವಿಡಿಯೋ ತೆಗೆದಿಡಿ.

ಇಲಿ ಆದ ಮೇಲೆ ಮೊಲ, ಕುದುರೆ, ಕುರಿ, ಹಂದಿಮರಿ, ಬೆಕ್ಕು ಎಲ್ಲದಕ್ಕೂ ಇಂಥ ಅಳತೆ ಬಂತು. ಹಸುವಿಂದು 2015ರಲ್ಲಿ ಡೆನ್ಮಾರ್ಕಿನ ಕರೀನಾ ಗ್ಲೀರಪ್ ಅವರ ಗುಂಪಿಂದ. ನಮ್ಮ ಊರಿಗೆ ಬೇಕಾಗಿರೋದು ಇದು, ಹಾಗಾಗಿ ನಿಧಾನವಾಗಿ ಹೇಳ್ತೀನಿ.

ಹಸು ಆರಾಮಾಗಿ ಮೆಲುಕು ಹಾಕ್ತಾ ಇದ್ದಾಗ ಮುಖ ಹೇಗಿರತ್ತೆ ಅಂತ ಮೊದಲು ಕಣ್ತುಂಬ ನೋಡಿ, ಅದು ಗೊತ್ತಿಲ್ಲದೇ ಇದ್ರೆ ನೋವಿನ ಮುಖ ಗೊತ್ತಾಗಲ್ಲ. ಕಿವಿ ಸಡಿಲ, ಸದ್ದಾದ ಕಡೆ ತಿರುಗ್ತಾ ಇರತ್ತೆ, ಕಣ್ಣು ಮೆತ್ತಗೆ, ಮೂಗಿನ ಹೊಳ್ಳೆ ಮೇಲಿನ ಚರ್ಮ ನಯವಾಗಿರತ್ತೆ. ನೋವಿರೋ ಹಸುವಿನ ಕಿವಿ ಎರಡೂ ಬಿಗಿಯಾಗಿ ಹಿಂದಕ್ಕೆ ಹೋಗಿರತ್ತೆ, ಇಲ್ಲಾ ಕುರಿ ಕಿವಿ ಥರ ಅಡ್ಡಕ್ಕೆ ಜೋತು ಬಿದ್ದಿರತ್ತೆ, ಸದ್ದಿಗೆ ತಿರುಗಲ್ಲ. ಕಣ್ಣು ಒಂದೇ ಕಡೆ ನೆಟ್ಟು, ನೋಡ್ತಿದ್ರೂ ನೋಡದ ಹಾಗೆ. ಕಣ್ಣಿನ ಮೇಲೆ ಗೆರೆ ಎದ್ದಿರತ್ತೆ. ಕೆನ್ನೆಯ ಪಕ್ಕದ ಸ್ನಾಯು ಮೇವು ತಿನ್ನದೇ ಇದ್ದಾಗಲೂ ಬಿಗಿದಿರತ್ತೆ, ಹೊಳ್ಳೆ ಹಿಗ್ಗಿ ಅದರ ಮೇಲೆ ಸುಕ್ಕು ಬಿದ್ದಿರತ್ತೆ. ಒಂದು ಗುರುತು ಮಾತ್ರ ಕಂಡ್ರೆ ಗಾಬರಿ ಬೇಡ, ನೊಣ ಕೂತ್ರೂ ಕಿವಿ ಹಿಂದೆ ಹೋಗತ್ತೆ. ಎಲ್ಲಾ ಒಟ್ಟಿಗೆ ಕಂಡು ಹಾಗೇ ನಿಂತಿದ್ರೆ ಫೋನ್ ಮಾಡಿ.

ಒಂದು ಮನೆಲಿ ಎಚ್ಎಫ್ ಅನ್ನೋ ವಿದೇಶಿ ತಳಿಯ ಕ್ರಾಸ್ ಹಸು, ಹಾಲು ಸ್ವಲ್ಪ ಇಳಿದಿದೆ ಅಷ್ಟೇ, ಜ್ವರ ಇಲ್ಲ, ಕೆಚ್ಚಲು ಮೆತ್ತಗಿದೆ, ಮೇವೂ ತಿಂತಿದೆ. ಯಜಮಾನರು ಕ್ಯಾಲ್ಸಿಯಂ ಹಾಕಿ ಸಾಕು ಅಂದ್ರು. ಅವರ ಸೊಸೆ ಹಾಲು ಕರೆಯೋರು, ಆಕೆ "ಅದಲ್ಲ ಡಾಕ್ಟ್ರೇ, ಇದರ ಮೋರೆ ಸರಿ ಇಲ್ಲ" ಅಂದ್ರು, ಏನು ಸರಿಯಿಲ್ಲ ಅಂದ್ರೆ ಹೇಳೋಕೆ ಬರ್ತಿಲ್ಲ. ನಾನು ಹೊರಗೆ ಬಂದು ಬೇಲಿ ಹತ್ರ ನಿಂತು ಸುಮ್ಮನೆ ನೋಡಿದೆ. ನಾವೆಲ್ಲಾ ಮರೆಯಾದ ಮೇಲೆ ಕಿವಿ ಮೆಲ್ಲಗೆ ಇಳೀತು, ಪಕ್ಕದಲ್ಲಿ ಕರು ಕೂಗಿದ್ರೂ ತಿರುಗಲಿಲ್ಲ, ಎಡ ಹೊಳ್ಳೆ ಮೇಲೆ ಎರಡು ಸುಕ್ಕು, ದವಡೆ ಬಿಗಿ. ಹಿಂದಿನ ಬಲಗಾಲಿನ ಗೊರಸು ಎತ್ತಿ ಒತ್ತಿದ್ರೆ ಕಾಲು ಝಾಡಿಸ್ತು, ಸ್ವಲ್ಪ ಕೆತ್ತಿದ್ರೆ ಒಳಗಿಂದ ಕಪ್ಪು ಕೀವು. ಕಾಂಕ್ರೀಟ್ ನೆಲದ ಮೇಲೆ ಸದಾ ಕಟ್ಟಿಹಾಕಿದ ಹಸುಗಳಲ್ಲಿ ಇದು ತುಂಬಾ. ಕುಂಟ್ತಿರಲಿಲ್ಲ ಯಾಕಂದ್ರೆ ಕಟ್ಟಿದ ಜಾಗ ಬಿಟ್ಟು ನಡೆದೇ ಇರಲಿಲ್ಲ. ಆಕೆ ದಿನಾ ಎರಡು ಹೊತ್ತು ಆ ಮುಖದ ಪಕ್ಕ ಕೂರೋರು, ಗ್ಲೀರಪ್ ಬರೆದಿದ್ದನ್ನ ಓದದೆಯೂ ಕಂಡಿದ್ರು. ಹಾಲು ಕರೆಯೋರ ಮಾತನ್ನ ಡಾಕ್ಟ್ರು, ಯಜಮಾನ್ರು ಇಬ್ಬರೂ ಮೊದಲು ಕೇಳಬೇಕು, ಇದು ನನ್ನ ಕಳಕಳಿಯ ವಿನಂತಿ.

ಹಾಗೇ ಒಂದು ಎಚ್ಚರಿಕೆ. ದನಕ್ಕೆ ನೋವಿಗೆ ಅಂತ ಮೆಡಿಕಲ್ ಶಾಪಿಂದ ಡೈಕ್ಲೊಫೆನಾಕ್ ತಂದು ಚುಚ್ಚಬೇಡಿ. ಆ ದನ ಸತ್ತು ರಣಹದ್ದು ತಿಂದ್ರೆ ಅದರ ಕಿಡ್ನಿ ಹೋಗಿ ಸಾಯತ್ತೆ, ಅದಕ್ಕೇ 2006ರಲ್ಲಿ ದನಕ್ಕೆ ಅದು ಬ್ಯಾನ್ ಆಗಿದ್ದು, 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಕೂಡ. ರಾಮನಗರದ ಬೆಟ್ಟದಲ್ಲಿ ಉಳಿದಿರೋ ಕೆಲವೇ ಹದ್ದುಗಳನ್ನ ನೆನೆಸ್ಕೊಳ್ಳಿ. ಮೆಲೋಕ್ಸಿಕಾಮ್ ಇದೆ, ಅದು ಹದ್ದಿಗೆ ತೊಂದರೆ ಮಾಡಲ್ಲ, ಡಾಕ್ಟರನ್ನ ಕೇಳಿ ಕೊಡಿಸಿ.

ಬೆಕ್ಕು ಸಾಕಿರೋರು ಇದ್ದೀರಿ. ಬೆಕ್ಕಿನ ಅಳತೆ 2019ರಲ್ಲಿ ಮಾಂಟ್ರಿಯಲ್‌ನಿಂದಲೇ ಬಂತು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಎಷ್ಟು ತಗ್ಗಿದೆ, ಇವು ಐದು, ಒಟ್ಟು 10 ಮಾರ್ಕ್ಸ್, 4 ಬಂದ್ರೆ ನೋವಿನ ಔಷಧಿ ಬೇಕು ಅಂತ ಲೆಕ್ಕ. ನೋವಿರೋ ಬೆಕ್ಕಿನ ಕಿವಿ ತುದಿಗಳು ದೂರ ಸರಿದು ಹೊರಕ್ಕೆ ತಿರುಗತ್ತೆ, ಕಣ್ಣು ಅರೆಮುಚ್ಚಿರತ್ತೆ, ಗುಂಡಗಿರೋ ಮೂತಿ ಚಪ್ಪಟೆ ಆಗತ್ತೆ, ಮೀಸೆ ಬಾಗದೆ ನೆಟ್ಟಗೆ ಮುಂದಕ್ಕೆ, ತಲೆ ಹೆಗಲಿಗಿಂತ ಕೆಳಗೆ. ನಿದ್ದೆ ಮಾಡ್ತಿದೆ ಅಂದ್ಕೊಂಡು ಬಿಟ್ಟುಬಿಡ್ತೀವಿ. ಬೆಕ್ಕಿಗೆ ಯಾವ ಕಾರಣಕ್ಕೂ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದು ಮಾತ್ರೆ ಸಾಕು ಸಾಯೋಕೆ.

ನಾಯಿ ವಿಷಯ ಬೇಗ ಹೇಳಿ ಮುಗಿಸ್ತೀನಿ. ಚಪ್ಪಲಿ ಕಚ್ಚಿ ಹಾಕಿ ತಲೆ ತಗ್ಗಿಸಿ ಕಣ್ಣು ತಪ್ಪಿಸತ್ತಲ್ಲ, ತಪ್ಪು ಗೊತ್ತಾಗಿದೆ ಅಂತೀವಿ. ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ಪರೀಕ್ಷೆ ಮಾಡಿ ನೋಡಿದ್ರು. ತಪ್ಪು ಮಾಡಿದ್ಯೋ ಇಲ್ವೋ ಅನ್ನೋದಕ್ಕೂ ಆ ಮುಖಕ್ಕೂ ಸಂಬಂಧ ಇಲ್ಲ, ಯಜಮಾನ ಬೈದ್ರೆ ಏನೂ ಮಾಡದ ನಾಯಿನೂ ಅದೇ ಮುಖ ಮಾಡತ್ತೆ. ಅದು ನಿಮ್ಮ ಕೋಪಕ್ಕೆ ಹೆದರಿದ ಮುಖ. ಇನ್ನು ಒಳಹುಬ್ಬು ಎತ್ತಿ ಪಾಪದ ಕಣ್ಣು ಮಾಡೋದು, ಅದಕ್ಕೆ ಅಂತ ಒಂದು ಪುಟ್ಟ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಅದು ಇರೋದು ಬರೀ ಎಳೆಯಷ್ಟು, ಜೂಲಿಯಾನೆ ಕಾಮಿನ್‌ಸ್ಕಿ ಅವರ ಗುಂಪು 2019ರಲ್ಲಿ ಕೊಯ್ದು ನೋಡಿ ಬರೆದಿದೆ. ಸಾವಿರಾರು ವರ್ಷ ನಮ್ಮ ಜೊತೆ ಬಾಳಿ, ನಮ್ಮ ಕಣ್ಣಿಗೆ ಹಿಡಿಸಿದ ಮುಖಗಳೇ ಉಳಿದು ಬಂದಿರಬೇಕು ಅಂತ ಅವರ ವಾದ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದ್ವು. ಹೈಸ್ಕೂಲ್ ಹುಡುಗ ಒಬ್ಬ, ದಸರಾ ಆನೆ ಅಳತ್ತಾ ಸರ್, ಕಣ್ಣೀರು ನೋಡಿದ್ದೀನಿ ಅಂದ. ಆನೆಗೆ ಕಣ್ಣಿಂದ ಮೂಗಿಗೆ ನೀರು ಇಳಿಯೋ ಕೊಳವೆ ಇಲ್ಲ ಕಣಪ್ಪಾ, ನಮಗಿದೆ, ಹಾಗಾಗಿ ಕಣ್ಣಿನ ಪಸೆ ಕೆನ್ನೆ ಮೇಲೇ ಹರಿಯತ್ತೆ, ನೀರು ಕಂಡ ಮಾತ್ರಕ್ಕೆ ಅಳು ಅನ್ನಕ್ಕಾಗಲ್ಲ ಅಂದೆ. ಆನೆಗೆ ದುಃಖ ಇಲ್ಲ ಅಂತ ಇದರ ಅರ್ಥ ಅಲ್ಲ, ಸತ್ತ ಮರಿಯ ಹತ್ರ ಗಂಟೆಗಟ್ಟಲೆ ನಿಲ್ಲೋದು ಕಂಡಿದ್ದಾರೆ, ಅದನ್ನ ನೋಡಬೇಕಾದ್ದು ಅದರ ನಡವಳಿಕೆಲಿ.

ಇನ್ನೊಬ್ಬರು ಬೆಂಗಳೂರಲ್ಲಿ ಸಾಫ್ಟ್‌ವೇರ್‌ನಲ್ಲಿರೋರು, ಇಂಟರ್‌ವ್ಯೂನಲ್ಲಿ ಕ್ಯಾಮೆರಾನೇ ಮುಖ ನೋಡಿ ಭಾವನೆ ಹೇಳೋ ಸಿಸ್ಟಮ್ ಬಂದಿದೆಯಲ್ಲ, ನಂಬಬಹುದಾ ಅಂದ್ರು. ನಂಬಬಾರದು ಅಂತ ನೇರವಾಗೇ ಹೇಳಿದೆ. ಹುಬ್ಬು ಗಂಟಿಕ್ಕಿದೆ ಅಂತ ಕ್ಯಾಮೆರಾ ಕರೆಕ್ಟಾಗಿ ಹೇಳಬಹುದು, ಯಾಕೆ ಗಂಟಿಕ್ಕಿದೆ ಅಂತ ಹೇಳಕ್ಕಾಗಲ್ಲ. ಯೂರೋಪ್‌ನವರು 2025ರ ಫೆಬ್ರವರಿಯಿಂದ ಆಫೀಸು, ಸ್ಕೂಲುಗಳಲ್ಲಿ ಇಂಥದ್ದನ್ನ ನಿಷೇಧ ಮಾಡಿದ್ದಾರೆ, ವೈದ್ಯಕೀಯ ಮತ್ತೆ ಸುರಕ್ಷತೆಯ ಕಾರಣಕ್ಕೆ ಮಾತ್ರ ವಿನಾಯಿತಿ. ಅದು ಸರಿ ಅಂತ ನನ್ನ ಅಭಿಪ್ರಾಯ.

ಕೊನೆಗೆ ಹಿಂದಿನ ಸಾಲಲ್ಲಿದ್ದ ಒಬ್ಬ ಅಕ್ಕ ಕೇಳಿದ್ರು. ಅವರ ಅತ್ತೆಗೆ ಮರೆವಿನ ಕಾಯಿಲೆ, ಮಾತು ನಿಂತುಹೋಗಿದೆ, ಸೊಂಟ ಮುರಿದು ಮಲಗಿದ್ದಾರೆ. "ನೋವಿದ್ಯಾ ಅತ್ತೆ ಅಂದ್ರೆ ಸುಮ್ಮನೆ ನೋಡ್ತಾರೆ, ನಾನೇನು ಮಾಡಲಿ?" ನಾನು ದನದ ಡಾಕ್ಟ್ರು, ಮನುಷ್ಯರ ಔಷಧಿ ಹೇಳೋ ಅಧಿಕಾರ ನನಗಿಲ್ಲ, ಆದ್ರೆ ನೋಡೋ ಕ್ರಮ ಹೇಳಬಹುದು. ಇಂಥವರಿಗೆ ಅಂತಲೇ 2003ರಲ್ಲಿ ಅಮೆರಿಕದಲ್ಲಿ ಒಂದು ಅಳತೆ ಮಾಡಿದ್ದಾರೆ, ನರ್ಸ್‌ಗಳು ಅದನ್ನ ಬಳಸ್ತಾರೆ. ಐದು ವಿಷಯ, ಒಂದೊಂದಕ್ಕೆ 0ಯಿಂದ 2, 0 ಅಂದ್ರೆ ಸರಿಯಿದೆ, 2 ಅಂದ್ರೆ ತೊಂದರೆ ಜಾಸ್ತಿ. ಉಸಿರು ಹೇಗಿದೆ, ನರಳ್ತಾರಾ, ಮುಖ ಹೇಗಿದೆ, ಮೈ ಬಿಗಿದಿದೆಯಾ, ಕೈ ಹಿಡಿದು ಮಾತಾಡಿಸಿದ್ರೆ ಸಮಾಧಾನ ಆಗತ್ತಾ. ಸುಮ್ಮನೆ ಮಲಗಿದ್ದಾಗ ಒಂದು ಸಲ ನೋಡಿ ಬರೀರಿ, ಮಗ್ಗುಲು ಬದಲಾಯಿಸುವಾಗ, ಒರೆಸುವಾಗ ಇನ್ನೊಂದು ಸಲ ನೋಡಿ ಬರೀರಿ, ಮುಖ ನೋಡುವಾಗ ಹುಬ್ಬಿನ ಮಧ್ಯ ಮತ್ತೆ ಕಣ್ಣಿನ ಸುತ್ತ ನೋಡಿ, ಬಾಯಿ ನೋಡಬೇಡಿ, ಹಲ್ಲಿಲ್ಲದ ಬಾಯಿ ನೋವಿಲ್ಲದಿದ್ರೂ ಒಳಕ್ಕೆ ಎಳ್ಕೊಂಡಿರತ್ತೆ. ಎರಡು ದಿನದ್ದು ಒಂದು ಚೀಟಿಲಿ ಟೈಮ್ ಸಮೇತ ಬರೆದು ಅವರ ಡಾಕ್ಟ್ರಿಗೆ ಕೊಡಿ, ಮಗ್ಗುಲು ಬದಲಾಯಿಸೋಕೆ ಎಷ್ಟು ಹೊತ್ತು ಮೊದಲು ನೋವಿನ ಔಷಧಿ ಕೊಡಬೇಕು ಅಂತ ಅವರನ್ನೇ ಕೇಳಿ. ಆ ಅಕ್ಕ ಪೆನ್ ಇಸ್ಕೊಂಡು ಐದನ್ನೂ ಅಲ್ಲೇ ಬರ್ಕೊಂಡ್ರು, ಇಲ್ಲಿ ಓದ್ತಿರೋರಿಗೂ ಮನೆಲಿ ಅಂಥವರಿದ್ರೆ ಬರ್ಕೊಳ್ಳಿ.